ಪಟ್ಟಿಯಿಂದ ಬಿಟ್ಟುಹೋದ ಹಕ್ಕಿ

ಸೊಸೆ ಚಿಲಕ ಕೊಂಡದ್ದು ಬಾಗಿಲಿಗಿಂತ ಮೊದಲು. ಬಾಗಿಲೇನು, ಗೋಡೆ ಏಳುವುದಕ್ಕೂ ಮೊದಲು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದಿತ್ತು. ಅದರ ಗಾಜಿನ ಹಿಂದೆ ಒಂದು ಹಿತ್ತಾಳೆಯ ಚಿಲಕ ಮೂರು ತಿಂಗಳಿಂದ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ಸಂಜೆ ತಡೆಯಲಾರದೆ ಒಳಗೆ ಹೋದಳು.

"ಎಷ್ಟು ದಪ್ಪದ ಬಾಗಿಲಿಗಮ್ಮಾ?" ಎಂದ ಅಂಗಡಿಯವನು.

"ಬಾಗಿಲು ಇನ್ನೂ ಬಂದಿಲ್ಲ."

ಅವನು ಒಂದು ಸಲ ಅವಳ ಮುಖ ನೋಡಿ, ಚಿಲಕವನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಅವಳು ಅದನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿ ಬಟ್ಟೆಗಳ ಅಡಿ ಬಚ್ಚಿಟ್ಟಳು. ಯಾರಿಗೂ ಬಾಯಿ ಬಿಡಲಿಲ್ಲ.

ಆ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಒಳಕೋಣೆ ಅತ್ತೆ ಮಾವನದು. ಹೊರಕೋಣೆ ಉಳಿದವರದು. ಅದರ ನಡುವೆ ಒಂದು ಪರದೆ. ಪರದೆಯ ಈಚೆ ಸೊಸೆ, ಅವಳ ಗಂಡ, ಐದು ವರ್ಷದ ಮಗಳು ಚಿಲ್ಟು. ಆಚೆ ನಾದಿನಿ. ನಾದಿನಿ ನರ್ಸಿಂಗ್ ಪರೀಕ್ಷೆಗೆ ಕಟ್ಟಿದ್ದಳು, ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಒಂದಕ್ಷರ ಹತ್ತುತ್ತಿರಲಿಲ್ಲ. ಹಾಗಾಗಿ ಆ ದಂಪತಿಗಳು ಒಬ್ಬರ ಮಾತು ಒಬ್ಬರು ಕೇಳಿದ್ದಕ್ಕಿಂತ ಮನುಷ್ಯನ ಮೂಳೆಗಳ ಹೆಸರು ಕೇಳಿದ್ದೇ ಹೆಚ್ಚು.

ಗಂಡ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಬೆಳಗ್ಗೆ ಆರಕ್ಕೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಿದ್ದ. ಅವಳು ಎಂಟೂವರೆಗೆ ಅಂಗಡಿಗೆ ಹೊರಡುತ್ತಿದ್ದಳು. ನಡುವೆ ಒಲೆ, ಪಾತ್ರೆ, ಚಿಲ್ಟುವಿನ ಶಾಲೆ, ಮಾವನ ಬಿಸಿನೀರು. ಅವಳು ಸಂಜೆ ಏಳಕ್ಕೆ ಬಂದರೆ ಅವನು ಏಳೂವರೆಗೆ ಹೊರಟ. "ಉಪ್ಪು ಮುಗಿದಿದೆ", "ಶೂ ಕಿತ್ತುಹೋಗಿದೆ" ಎನ್ನುವುದರಾಚೆ ಮಾತು ಬೆಳೆಯಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅವನು ಇದ್ದೂ ಅವಳಿಗೆ ಅವನ ನೆನಪಾಗುತ್ತಿತ್ತು. ಇದನ್ನು ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ಹೇಳಿರಲಿಲ್ಲ.

ಆರು ವರ್ಷ ಹಲ್ಲು ಕಚ್ಚಿದ ಮೇಲೆ ಮನೆಯವರೆಲ್ಲ ಒಪ್ಪಿದರು. ಮಹಡಿಯ ಮೇಲಿನ ತಗಡಿನ ಬಾಗಿಲ ಹಳೇ ಶೆಡ್ ಕೆಡವಿ ಅಲ್ಲೊಂದು ಕೋಣೆ ಕಟ್ಟುವುದು. ಹತ್ತಡಿಗೆ ಹನ್ನೆರಡಡಿ, ಒಂದು ಕಿಟಕಿ, ಒಂದು ಬಾಗಿಲು. ಮೇಸ್ತ್ರಿ ಸೋಮವಾರ ಬೆಳಗ್ಗೆ ಹಾರೆ, ಸುತ್ತಿಗೆ, ಇಬ್ಬರು ಆಳುಗಳ ಸಮೇತ ಬಂದೇಬಿಟ್ಟ.

ಶೆಡ್ಡಿನಲ್ಲಿದ್ದ ತಮ್ಮ ಹಳೇ ಕಾಗದಪತ್ರ ತೆಗೆದುಕೊಳ್ಳಲು ಮಾವ ಮೊದಲು ಮೇಲೆ ಹೋದರು. ಅವರು ವನ್ಯಜೀವಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದವರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಹಾಲಿನವನಿಗೆ ಚೀಟಿ ಬರೆಯಬೇಕಾದರೂ ಟೈಪ್ ಮಾಡಿ, ಕೆಳಗೆ ದಿನಾಂಕ ಹಾಕಿ, ಕಾರ್ಬನ್ ಪ್ರತಿ ಇಟ್ಟುಕೊಳ್ಳುವ ಮನುಷ್ಯ. ಹೋದವರು ಕಾಲು ಗಂಟೆಯಾದರೂ ಇಳಿಯಲಿಲ್ಲ. ಇಳಿದಾಗ ಕೈಯಲ್ಲಿ ಕಾಗದಪತ್ರ ಇರಲಿಲ್ಲ.

"ಕೆಲಸ ನಿಲ್ಲಿಸಿ," ಎಂದರು.

"ಇನ್ನೂ ಶುರುವೇ ಮಾಡಿಲ್ವಲ್ಲ ಯಜಮಾನ್ರೇ," ಎಂದ ಮೇಸ್ತ್ರಿ.

"ತೊಲೆ ಕೆಳಗೆ ಗೂಡಿದೆ. ಮಣ್ಣಿನ ಗೂಡು. ಕಂದುಕೊರಳ ಕವಲುತೋಕೆ. ಅದು ಪಟ್ಟಿಯಲ್ಲಿದೆ."

"ಯಾವ ಪಟ್ಟಿ?"

"ಅಳಿವಿನಂಚಿನ ಜೀವಿಗಳ ಸಂರಕ್ಷಣಾ ಕಾಯ್ದೆಯ ಪಟ್ಟಿ. ನೂರ ನಲವತ್ತೇಳನೇ ಹೆಸರು. ಮರಿ ಹಾರಿಹೋಗೋ ತನಕ ಗೂಡು ಮುಟ್ಟೋ ಹಾಗಿಲ್ಲ."

ಮೇಸ್ತ್ರಿ ಸೊಸೆಯ ಕಡೆ ತಿರುಗಿದ. "ಒಂದು ಪೊರಕೆ ಕೊಡಮ್ಮ. ಎರಡು ನಿಮಿಷದ ಕೆಲಸ. ಪಟ್ಟಿ ಮಾಡಿದವರು ಬಂದು ನೋಡ್ತಾರಾ?"

"ಪಟ್ಟಿ ಟೈಪ್ ಮಾಡಿದವನು ಇಲ್ಲೇ ನಿಂತಿದ್ದೀನಿ," ಎಂದರು ಮಾವ.

ಸೊಸೆ ತಿರುಗಿ ಗಂಡನ ಮುಖ ನೋಡಿದಳು. ರಾತ್ರಿ ಪಾಳಿ ಮುಗಿಸಿ ನಿಂತಲ್ಲೇ ತೂಗುತ್ತಿದ್ದ ಅವನು, "ಅಪ್ಪಾ, ಒಂದು ಹಕ್ಕಿ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ.

"ಗಾಬರಿ ಯಾಕೆ? ಗೂಡನ್ನ ಬೇರೆ ಕಡೆ ಸ್ಥಳಾಂತರಿಸೋಕೆ ಅರ್ಜಿ ಹಾಕ್ತೀನಿ," ಎಂದರು ಮಾವ. "ಎಂಟು ದಿನದೊಳಗೆ ಉತ್ತರ ಕೊಡಬೇಕು ಅಂತ ನಿಯಮ ಇದೆ. ಎಂಟೇ ದಿನ."

ಅವತ್ತೇ ಮಧ್ಯಾಹ್ನ ಅರ್ಜಿ ಟೈಪ್ ಆಯಿತು. ಮೂರು ಪ್ರತಿ. ವಿಷಯ, ಉಲ್ಲೇಖ, ಮಾನ್ಯರೇ, ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಮನೆಯಲ್ಲಿ ಗೂಡಿದೆಯೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲದಾಗ ತಾನೇ ಹೋಗಿ ಸರ್ಕಾರದ ಕಿವಿಗೆ ಹಾಕುವುದು ಆ ಮನುಷ್ಯನೊಬ್ಬನಿಗೇ ಹೊಳೆಯಲು ಸಾಧ್ಯ.

ಉತ್ತರ ನಿಯಮದಂತೆ ಎಂಟನೇ ದಿನಕ್ಕೆ ಬಂತು, ಒಬ್ಬ ಹೆಣ್ಣುಮಗಳ ರೂಪದಲ್ಲಿ. ಇಲಾಖೆಯ ಇನ್ಸ್‌ಪೆಕ್ಟರ್. ಇನ್ನೂ ಎಳೆಯ ವಯಸ್ಸು, ಹೆಗಲಿಗೆ ಚೀಲ, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಶೆಡ್ಡಿಗೆ ಹೋಗಿ ಬಂದವಳ ಕಣ್ಣುಗಳು ಹೊಳೆಯುತ್ತಿದ್ದವು.

"ನಾಲ್ಕು ಮೊಟ್ಟೆ ಇವೆ! ಈ ಜಿಲ್ಲೆಯಲ್ಲಿ ಎರಡು ವರ್ಷದಿಂದ ಒಂದು ಗೂಡೂ ಸಿಕ್ಕಿರ್ಲಿಲ್ಲ ಸರ್. ನೀವು ತಿಳಿಸಿದ್ದು ಎಂಥ ಉಪಕಾರ!"

"ಸ್ಥಳಾಂತರ?" ಎಂದರು ಮಾವ.

"ಮೊಟ್ಟೆ ಇಟ್ಟಾದ ಮೇಲೆ ಆಗೋದೇ ಇಲ್ಲ ಸರ್. ತಾಯಿ ಬಿಟ್ಟುಹೋಗುತ್ತೆ."

ಅವಳು ತಗಡಿನ ಬಾಗಿಲ ಮೇಲೆ ಒಂದು ನೋಟಿಸು ಅಂಟಿಸಿದಳು: ಕಾಯ್ದೆಯ ಪ್ರಕಾರ ರಕ್ಷಿತ ಗೂಡು, ಮಹಡಿಯ ಮೇಲೆ ಒಂದು ಬಾರಿಗೆ ಇಬ್ಬರಿಗಿಂತ ಹೆಚ್ಚು ಜನ ಕೂಡದು, ಶಬ್ದ ಕೂಡದು, ಮೆಟ್ಟಿಲ ಬಾಗಿಲು ಸದಾ ಮುಚ್ಚಿರಬೇಕು. ದಿನಕ್ಕೊಮ್ಮೆ ಬೆಳಗ್ಗೆ ಎಣಿಸಿ ತುಂಬಲು ಒಂದು ನಮೂನೆ ಕೊಟ್ಟು, ವಾರಕ್ಕೊಮ್ಮೆ ವರದಿ ಕಳಿಸಿ ಎಂದಳು. ಮರಿ ಹಾರಿದ ದಿನ ತಿಳಿಸಿದರೆ ಮಾರನೇ ದಿನವೇ ಬಂದು ನೋಟಿಸು ತೆಗೆಯುತ್ತೇನೆಂದು ಮಾತು ಕೊಟ್ಟು ಹೋದಳು.

ಎಂಟನೇ ದಿನವೆಂದು ವಿಚಾರಿಸಲು ಬಂದಿದ್ದ ಮೇಸ್ತ್ರಿ ಬೀದಿಯಲ್ಲೇ ನಿಂತು ಕೇಳಿಸಿಕೊಂಡ. "ಹಕ್ಕಿ ಬಾಣಂತನ ಮುಗಿಯೋ ತನಕ ನಾನು ಕೈಕಟ್ಟಿ ಕೂರೋಕಾಗಲ್ಲ ಯಜಮಾನ್ರೇ. ಶಾಲೆ ಕಟ್ಟಡ ಒಪ್ಕೊಂಡಿದ್ದೀನಿ. ಇನ್ನು ಮೂರು ತಿಂಗಳು ನನ್ನ ಕಡೆ ನೋಡಬೇಡಿ." ಅಲ್ಲೇ ಬಿಟ್ಟಿದ್ದ ಹಾರೆ ಸುತ್ತಿಗೆ ಎತ್ತಿಕೊಂಡು ಹೊರಟುಹೋದ.

ಸೊಸೆ ಮಾವನ ಜೊತೆ ಮಾತು ಬಿಟ್ಟಳು. ಅವರ ತಟ್ಟೆಯನ್ನು ಮುಂದಿಡುತ್ತಿದ್ದಳು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮೊಟ್ಟೆ ಎಲ್ಲ ಸರಿಯಾಗಿ ಬಡಿಸುತ್ತಿದ್ದಳು. ತುಟಿ ಮಾತ್ರ ಪಿಟಕ್ಕೆನ್ನುತ್ತಿರಲಿಲ್ಲ. "ಇನ್ನೊಂದು ಚೂರು ಉಪ್ಪು ಕೊಡಮ್ಮ," ಎಂದರೆ ಉಪ್ಪಿನ ಡಬ್ಬಿಯನ್ನು ಚಿಲ್ಟುವಿನ ಕೈಗೆ ಕೊಟ್ಟು, "ತಾತಂಗೆ ಕೊಡು," ಎನ್ನುತ್ತಿದ್ದಳು.

ನಾಲ್ಕನೇ ದಿನ ನಾದಿನಿ ಊಟಕ್ಕೆ ಕೂತಾಗ ಬಾಯಿ ಹಾಕಿದಳು. "ಅತ್ತಿಗೆ, ಅಪ್ಪ ಬೇಕಂತ ಮಾಡಿದ್ರಾ? ಒಂದೆರಡು ತಿಂಗಳು ತಡ ಆದ್ರೆ ಪ್ರಪಂಚ ಮುಳುಗುತ್ತಾ?"

"ನಿಂಗೇನು ಗೊತ್ತು? ನಿನ್ನ ಮೂಳೆ ನೀನು ಓದ್ಕೋ."

"ನಾನು ಓದೋದು ನಿಮಗೆ ಕಿರಿಕಿರಿನಾ? ಅಮ್ಮಾ, ನೋಡು!"

"ಇಬ್ಬರೂ ಬಾಯಿಮುಚ್ಚಿ ಉಣ್ಣಿ," ಎಂದರು ಅತ್ತೆ.

ಮಾವ ತುತ್ತು ಕೆಳಗಿಟ್ಟರು. "ನಂದೇ ತಪ್ಪು ಇರಬಹುದು. ಎಂಟು ದಿನ ಅಂತ ನಂಬಿದ್ದೆ. ಆ ನಿಯಮಾನೂ ನಾನೇ ಟೈಪ್ ಮಾಡಿದ್ದು."

ಸೊಸೆಗೆ ತಡೆಯಲಾಗಲಿಲ್ಲ. "ಹಕ್ಕಿಗಳಿಗೆ ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದೀರಿ ಮಾವ! ಇಬ್ಬರಿಗಿಂತ ಹೆಚ್ಚು ಜನ ಕೂಡದು, ಬಾಗಿಲು ಮುಚ್ಚಿರಬೇಕು, ಗಲಾಟೆ ಕೂಡದು! ಆರು ವರ್ಷದಿಂದ ನಾನು ಕೇಳಿದ್ದೂ ಅಷ್ಟೇ ಅಲ್ವಾ?"

ಗಂಡ ತಟ್ಟೆ ನೋಡುತ್ತಾ ಕೂತ, ಅವನ ಕಿವಿ ಕೆಂಪಾಗಿತ್ತು. "ಅಮ್ಮಾ, ಹಕ್ಕಿಗೂ ಚಿಲಕ ಬೇಕಾ?" ಎಂದಳು ಚಿಲ್ಟು. ಪೆಟ್ಟಿಗೆಯಲ್ಲಿದ್ದುದನ್ನು ಆ ಮಗು ಯಾವತ್ತೋ ನೋಡಿಬಿಟ್ಟಿತ್ತು. ಸೊಸೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಭಾನುವಾರ ಬೆಳಗ್ಗೆ ಮಾವ ಚಿಲ್ಟುವನ್ನು ಕರೆದುಕೊಂಡು ತರಕಾರಿ ತರಲು ಹೋದರು. ನಾದಿನಿ ಗೆಳತಿಯ ಮನೆಗೆ, ಗಂಡ ಪರದೆಯ ಹಿಂದೆ ನಿದ್ದೆಗೆ. ಸೊಸೆ ಉದ್ದ ಕೋಲಿನ ಪೊರಕೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಬೆಕ್ಕು ಕೆಡವಿತು ಎಂದರಾಯಿತು. ಬೆಕ್ಕಿಗೆ ಯಾವ ಕಾಯ್ದೆ? ಶಾಲೆ ಕಟ್ಟಡದ ಹತ್ತಿರ ಹೋಗಿ ಮೇಸ್ತ್ರಿಯ ಕಾಲು ಹಿಡಿದಾದರೂ ನಾಳೆಯೇ ಕರೆತರುವುದು ಎಂದುಕೊಂಡಳು.

ಶೆಡ್ಡಿನ ಒಳಗೆ ಹಳೇ ಕಾಗದದ ವಾಸನೆ. ಒಡೆದ ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ತೊಲೆಗೆ ಅಂಟಿಕೊಂಡ ಗೂಡು ಅರ್ಧ ಬಟ್ಟಲಿನಷ್ಟಿತ್ತು. ಹಕ್ಕಿ ಅದರೊಳಗೆ ಕೂತಿತ್ತು, ಕಂದು ಕೊರಳು, ಕವಲೊಡೆದ ಬಾಲ ಮಾತ್ರ ಹೊರಗೆ. ಅದು ಹಾರಲಿಲ್ಲ. ಅವಳು ಪೊರಕೆ ಎತ್ತಿದಳು.

"ಹೊಡೆಯೋದಾದ್ರೆ ಹೊಡಿ. ನಾನು ನೋಡಿಲ್ಲ ಅಂತೀನಿ."

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ. ಒಂದು ಹಳೇ ಡಬ್ಬ ಮಗುಚಿ ಹಾಕಿ ಅದರ ಮೇಲೆ ಕೂತರು. ಸೊಸೆಯ ಕೈ ಮೇಲೇ ಉಳಿಯಿತು.

"ಈ ಪಟ್ಟಿ ಟೈಪ್ ಮಾಡಿದ್ದು ನಿಮ್ಮ ಮಾವ," ಎಂದರು ಅತ್ತೆ. "ಓದಿ ಹೇಳಿದ್ದು ನಾನು. ಅದು ನಿಂಗೆ ಗೊತ್ತಿಲ್ಲ."

"ನೀವಾ?"

"ಆಗ ಈ ಮನೇಲಿ ಹನ್ನೊಂದು ಜನ. ನಮ್ಮ ಮದುವೆಯಾಗಿ ನಾಲ್ಕು ತಿಂಗಳು. ನಿಮ್ಮ ಮಾವನ ಮುಖ ನಾನು ನೆಟ್ಟಗೆ ನೋಡಿರ್ಲಿಲ್ಲ. ನಾನು ಹೆಂಗಸರ ಜೊತೆ ಅಡುಗೆಮನೇಲಿ ಮಲಗೋದು, ಇವರು ಅಣ್ಣತಮ್ಮಂದಿರ ಜೊತೆ ಹೊರಗೆ. ಆಗ ಕಚೇರೀಲಿ ಈ ಕಾಯ್ದೆ ಟೈಪ್ ಮಾಡೋ ಕೆಲಸ ಬಂತು. ಇನ್ನೂರ ಹನ್ನೆರಡು ಹೆಸರು. ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಟೈಪ್ ಆದದ್ದನ್ನ ತಾಳೆ ನೋಡಬೇಕು. ಇವರು ಅದನ್ನ ಮನೆಗೆ ತಂದ್ರು. ನಮ್ಮತ್ತೆಗೆ ಹೇಳಿದ್ರು, ಇದು ಸರ್ಕಾರಿ ಕೆಲಸ, ಗುಟ್ಟಿನದು, ಬಾಗಿಲು ಹಾಕಿರಬೇಕು, ಇವಳಿಗೆ ಓದೋಕೆ ಬರುತ್ತೆ, ಇವಳೇ ಬೇಕು ಅಂತ. ಸರ್ಕಾರ ಅಂದ್ರೆ ನಮ್ಮತ್ತೆಗೆ ನಡುಕ."

ಸೊಸೆಯ ಕೈಯಲ್ಲಿದ್ದ ಪೊರಕೆ ನಿಧಾನಕ್ಕೆ ಕೆಳಗಿಳಿಯಿತು.

"ದಿನಾ ಸಂಜೆ ಅರ್ಧ ಗಂಟೆ ಒಳಕೋಣೆ ನಮ್ಮದು. ನಾನು ಹೊರಗಿನವರಿಗೆಲ್ಲ ಕೇಳೋ ಹಾಗೆ ಓದ್ತಿದ್ದೆ. ನಕ್ಷತ್ರ ಆಮೆ. ಆಮೇಲೆ ಸುಮ್ನೆ. ಆಮೇಲೆ ನೀರುನಾಯಿ. ಮತ್ತೆ ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣೇ!" ಅರವತ್ತೆರಡರ ಅತ್ತೆಯ ಮುಖ ರಂಗೇರಿತು. "ಎರಡು ದಿನದ ಕೆಲಸ ಹದಿನೇಳು ದಿನ ಮಾಡಿದ್ವಿ. ಕೊನೆಗೆ ಮೇಲಧಿಕಾರಿ ಬೈದ ಮೇಲೆ ಕೊಟ್ಟದ್ದು. ಅಚ್ಚಿಗೆ ಹೋದ ಮೇಲೆ ಎಣಿಸ್ತಾರೆ, ಇನ್ನೂರ ಹನ್ನೊಂದೇ ಇದೆ! ಒಂದು ಹೆಸರು ಬಿಟ್ಟುಹೋಗಿತ್ತು. ನೂರ ನಲವತ್ತೇಳನೇದು. ಅದನ್ನ ಓದಬೇಕಾದ ದಿನ ನಮ್ಮಿಬ್ಬರ ಕಣ್ಣೂ ಕಾಗದದ ಮೇಲೆ ಇರ್ಲಿಲ್ಲ, ಅಷ್ಟೇ. ಇವರು ಕಚೇರಿಯಿಂದ ಅಚ್ಚುಕೂಟಕ್ಕೆ ಓಡಿದ್ರು, ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ಮಿಷನ್ ನಿಲ್ಲಿಸಿ ಆ ಸಾಲು ಸೇರಿಸಿದ್ರು."

"ಅದು ಈ ಹಕ್ಕೀನಾ?"

"ಇದೇ. ಇಲಾಖೆ ಗೋಡೆ ಮೇಲೆ ಚಿತ್ರ ನೋಡಿದ್ದು ಬಿಟ್ರೆ ಇವರೂ ಕಣ್ಣಾರೆ ಕಂಡಿರ್ಲಿಲ್ಲ. ಅವತ್ತು ಸೋಮವಾರ ಕೆಳಗೆ ಇಳಿದು ಬಂದಾಗ ಇವರ ಮುಖ ನೋಡಿದ್ಯಾ? ನಾನು ನೋಡಿದೆ. ಅದಕ್ಕೇ ಬಾಯಿಮುಚ್ಕೊಂಡಿದ್ದೆ." ಅತ್ತೆ ಮೊಣಕಾಲಿಗೆ ಕೈಕೊಟ್ಟು ಎದ್ದರು. "ನಿನ್ನ ಸಂಕಟ ನಂಗೆ ಗೊತ್ತಿಲ್ಲ ಅಂತ ತಿಳ್ಕೋಬೇಡ. ನಂದು ಇದಕ್ಕಿಂತ ದೊಡ್ಡ ಸಂಸಾರ. ಆದ್ರೆ ನಾನು ಸೊಸೆಯಾಗಿದ್ದು ಮರೆತೇಬಿಟ್ಟಿದ್ದೆ ನೋಡು, ಅದು ನನ್ನ ತಪ್ಪು."

ಸೊಸೆ ಪೊರಕೆಯಿಂದ ಶೆಡ್ಡಿನ ನೆಲ ಗುಡಿಸಿ ಕೆಳಗಿಳಿದಳು. ತಂದದ್ದಕ್ಕೆ ಅಷ್ಟಾದರೂ ಕೆಲಸವಾಗಬೇಕಲ್ಲ.

ಅವತ್ತು ಮಧ್ಯಾಹ್ನದ ಊಟದಲ್ಲಿ ಅತ್ತೆ ಮಾವನನ್ನು ತರಾಟೆಗೆ ತೆಗೆದುಕೊಂಡರು. "ಏನ್ರೀ, ಮೊಟ್ಟೆ ಎಣಿಸೋಕೆ ನೀವು ಏಣಿ ಹತ್ತೋದು ಬೇಡ. ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮನ್ನ ಯಾವ ಕಾಯ್ದೆ ಕಾಯುತ್ತೆ? ನಾಳೆಯಿಂದ ಸೊಸೆ ಎಣಿಸ್ಲಿ. ಕನ್ನಡಕದ ಅಂಗಡಿಯವಳು, ಕಣ್ಣು ಚುರುಕು."

"ಏಣಿ ಹಿಡಿಯೋಕೆ ಒಬ್ಬರು ಬೇಕಾಗುತ್ತೆ," ಎಂದರು ಮಾವ.

"ಮಗ ಆರಕ್ಕೆ ಬರ್ತಾನಲ್ಲ, ಅವನು ಹಿಡೀಲಿ. ಇಬ್ಬರೇ. ಮೂರನೆಯವರು ಹೋದ್ರೆ ಜೈಲು!"

"ಅಮ್ಮಾ, ನನ್ನ ಬಟ್ಟೆ ಎಲ್ಲಿ ಒಣಗಿಸ್ಲಿ?" ಎಂದಳು ನಾದಿನಿ.

"ಅಂಗಳದಲ್ಲಿ. ಕಾನೂನು ಕಣೇ, ನಾನೇನು ಮಾಡ್ಲಿ?"

ಮಾವ ಹೆಂಡತಿಯ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎಂದಿಗಿಂತ ಬೇಗ ಊಟ ಮುಗಿಸಿ ನಮೂನೆಯ ಹಾಳೆಗಳನ್ನು ತಂದು ಸೊಸೆಯ ಮುಂದಿಟ್ಟರು. "ಮೆಟ್ಟಿಲ ಬಾಗಿಲು ಗಟ್ಟಿಯಿಲ್ಲ. ಬೆಕ್ಕು ನುಗ್ಗಬಹುದು. ಒಂದು ಚಿಲಕ ಇದ್ದಿದ್ರೆ..." ಎಂದರು, ಎತ್ತಲೋ ನೋಡುತ್ತಾ.

ಹಿತ್ತಾಳೆಯ ಚಿಲಕ ಪೆಟ್ಟಿಗೆಯಿಂದ ಹೊರಬಂತು. ಗಂಡ ಅದನ್ನು ಮೆಟ್ಟಿಲ ಬಾಗಿಲಿಗೆ ಮಹಡಿಯ ಕಡೆಯಿಂದ ಜಡಿದ. "ಇದನ್ನ ಯಾವಾಗ ತಂದೆ?" ಎಂದು ಕೇಳಿದ. "ಯಾವತ್ತೋ," ಎಂದಳು.

ಮರುದಿನದಿಂದ ಆರೂಕಾಲಿನಿಂದ ಆರೂಮುಕ್ಕಾಲಿನವರೆಗೆ ಮಹಡಿ ಅವರಿಬ್ಬರದಾಯಿತು. ಅವಳು ಅಂಗಡಿಯಿಂದ ತಂದ ಪುಟ್ಟ ಕನ್ನಡಿಯನ್ನು ಕೋಲಿನ ತುದಿಗೆ ಕಟ್ಟಿ, ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಗೂಡಿನೊಳಗೆ ಬಗ್ಗಿಸಿ ನೋಡುತ್ತಿದ್ದಳು. ಅವನು ಏಣಿ ಹಿಡಿಯುತ್ತಿದ್ದ. ಎಣಿಸಲು ಬೇಕಾದದ್ದು ಎರಡು ನಿಮಿಷ. ಉಳಿದ ಇಪ್ಪತ್ತೆಂಟು ನಿಮಿಷ ನೀರಿನ ತೊಟ್ಟಿಯ ಪಕ್ಕ ಕೂತು, ಅವನು ಕಾರ್ಖಾನೆಯಿಂದ ತಂದ ಬಿಸಿ ಬ್ರೆಡ್ಡಿನ ತುದಿ ಮುರಿದು ತಿನ್ನುತ್ತಿದ್ದರು.

ಮೊದಲೆರಡು ದಿನ ಮಾತೇ ಹೊರಡಲಿಲ್ಲ. ಹೊಸಬರ ಹಾಗೆ ಕೂತಿದ್ದರು. ಮೂರನೇ ದಿನ ಅವನು, "ನಂಗೆ ಬ್ರೆಡ್ಡಿನ ವಾಸನೆ ಗೊತ್ತಾಗಲ್ಲ, ಗೊತ್ತಾ?" ಎಂದ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ದಿನಾ ಅದರಲ್ಲೇ ಇದ್ದು ಹೋಗಿಬಿಟ್ಟಿದೆ. ಎಲ್ಲರೂ ಪುಣ್ಯವಂತ ಅಂತಾರೆ, ರಾತ್ರಿಯೆಲ್ಲ ಎಂಥ ಘಮಘಮ ಅಂತ. ನಂಗೆ ಏನೂ ಇಲ್ಲ."

"ಎರಡು ವರ್ಷದಿಂದ ನಂಗ್ಯಾಕೆ ಹೇಳ್ಲಿಲ್ಲ?"

"ಎಲ್ಲಿ ಹೇಳ್ಲಿ? ಪರದೆ ಆಚೆ ಅವಳು ತೊಡೆಮೂಳೆ ಓದ್ತಿದ್ಲು."

ಅವಳು ಬ್ರೆಡ್ಡಿನ ಚೂರನ್ನು ಮೂಸಿ ನೋಡಿ, ಅದರ ವಾಸನೆ ಹೇಗಿದೆಯೆಂದು ಅವನಿಗೆ ವಿವರಿಸಿ ಹೇಳಿದಳು. ಹೊರಪದರ ಸ್ವಲ್ಪ ಸೀದಿದೆ, ಒಳಗೆ ಹಾಲಿನ ವಾಸನೆ, ಅದರ ಹಿಂದೆ ಏನೋ ಹುಳಿ. ಅವನು ಕಣ್ಣು ಮುಚ್ಚಿ ಕೇಳಿದ. ಅದಾದ ಮೇಲೆ ದಿನವೂ ಅದೊಂದು ರೂಢಿಯಾಯಿತು. ಅವಳೂ ಹೇಳಿದಳು, ಅಂಗಡಿಯಲ್ಲಿ ಹೊಸ ಕನ್ನಡಕ ಹಾಕಿದ ಮುದುಕರೊಬ್ಬರು ಮೊದಲ ಸಲ ತಮ್ಮ ಹೆಂಡತಿಯ ಮುಖದ ಸುಕ್ಕು ಕಂಡು ತಬ್ಬಿಬ್ಬಾದದ್ದನ್ನು, ಮಸೂರ ಮಸೆಯುವ ಯಂತ್ರಕ್ಕೆ ತನ್ನ ಉಗುರು ಸಿಕ್ಕಿದ್ದನ್ನು. ಅವನು ಆ ಬೆರಳನ್ನು ಹಿಡಿದುಕೊಂಡು ಹಾಗೇ ಕೂತ. ಕೆಳಗೆ ಹಾಲಿನವನ ಗಂಟೆ ಕೇಳಿಸಿತು.

ನಮೂನೆ ತುಂಬುತ್ತಾ ಹೋಯಿತು. ನಾಲ್ಕು ಮೊಟ್ಟೆ. ನಾಲ್ಕು ಮೊಟ್ಟೆ. ಒಂದು ದಿನ ನಾಲ್ಕು ಮರಿ, ಮೈಮೇಲೆ ಬಟ್ಟೆಯಿಲ್ಲದ, ಬಾಯಿ ಮಾತ್ರ ಇದ್ದಂಥವು. ಒಂದು ವಾರಕ್ಕೆ ಮೂರಾದವು. ನಾಲ್ಕನೆಯದು ನೆಲದ ಮೇಲೆ ಬಿದ್ದಿತ್ತು. ಗಂಡ ಅದನ್ನು ಕಾಗದದಲ್ಲಿ ಸುತ್ತಿ ಹೂಕುಂಡದ ಮಣ್ಣಿನಲ್ಲಿ ಮುಚ್ಚಿದ. ಅವತ್ತು ಅವಳು ಕೆಳಗಿಳಿದು, "ಮಾವ, ಒಂದು ಹೋಯ್ತು," ಎಂದಳು. ಊಟದ ಹೊತ್ತಿನ ಆ ಜಗಳವಾಗಿ ಮೂರು ವಾರದ ಮೇಲೆ ಅವರ ಜೊತೆ ಆಡಿದ ಮೊದಲ ಮಾತು ಅದು. "ಎಷ್ಟು ಉಳಿದಿವೆಯಮ್ಮ?" ಎಂದರು ಮಾವ. ಉಪ್ಪಿನ ಡಬ್ಬಿ ಅವತ್ತಿನಿಂದ ಚಿಲ್ಟುವಿನ ಕೈ ದಾಟದೆ ನೇರ ಅವರ ತಟ್ಟೆಯ ಬಳಿ ಬಂತು.

ಮರಿಗಳಿಗೆ ರೆಕ್ಕೆ ಬಂದಹಾಗೆಲ್ಲ ಅವಳಿಗೆ ಸಂಕಟ ಶುರುವಾಯಿತು. ಇದೇ ಹಕ್ಕಿ ತೊಲಗಲಿ ಎಂದು ಶಾಪ ಹಾಕಿದ್ದ ಬಾಯಿ ಅವಳದೇ. ಈಗ ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿದರೆ ಎದೆ ಹಾರುತ್ತಿತ್ತು. ಮೇಸ್ತ್ರಿ ಬರಲು ಇನ್ನೂ ಎರಡು ತಿಂಗಳ ಹತ್ತಿರ ಇತ್ತು. ಅಲ್ಲಿಯವರೆಗೆ ಏನು? ನಾದಿನಿ ಆಗಲೇ ಸಾರಿಬಿಟ್ಟಿದ್ದಳು: "ಆ ನೋಟಿಸು ಹೋದ ದಿನವೇ ನಾನು ಮೇಲೆ. ಪರೀಕ್ಷೆ ಹತ್ತಿರ ಬಂತು, ಬೆಳಗ್ಗೆ ಐದರಿಂದ ಏಳರವರೆಗೆ ಅಲ್ಲೇ ಓದ್ತೀನಿ. ಇಲ್ಲಿ ಗಟ್ಟಿ ಓದಿದ್ರೆ ಅತ್ತಿಗೆಗೆ ಆಗಲ್ವಲ್ಲ!" ಅದರಲ್ಲಿ ತಪ್ಪು ಹುಡುಕುವ ಹಾಗೂ ಇರಲಿಲ್ಲ.

"ಹಾರಿಹೋದ್ರೆ?" ಎಂದು ಅವಳು ಒಂದು ಬೆಳಗ್ಗೆ ಗಂಡನನ್ನು ಕೇಳಿದಳು.

"ಹಾರೋಕೇ ಅಲ್ವಾ ಇರೋದು."

"ನಾನು ಅದನ್ನ ಕೇಳ್ಲಿಲ್ಲ."

"ಗೊತ್ತು," ಎಂದ ಅವನು. ಬ್ರೆಡ್ಡಿನ ಮೆತ್ತಗಿನ ಭಾಗವನ್ನು ಅವಳಿಗೆ ಕೊಟ್ಟು ಗಟ್ಟಿಯದನ್ನು ತಾನಿಟ್ಟುಕೊಂಡ.

ಭಾನುವಾರ ಎರಡು ಹಾರಿದವು. ಸೋಮವಾರ ಬೆಳಗ್ಗೆ ಕನ್ನಡಿ ಬಗ್ಗಿಸಿದರೆ ಅದರಲ್ಲಿ ಮಣ್ಣು, ಎರಡು ಗರಿ, ಅಷ್ಟೇ ಕಂಡದ್ದು. ಮೂರನೆಯದು ತಂತಿಯ ಮೇಲೆ ಕೂತು ತೂಗಾಡುತ್ತಿತ್ತು, ಅವರು ನೋಡುತ್ತಿರುವಾಗಲೇ ಅದೂ ಎದ್ದು ಹೋಯಿತು. ಅವಳು ಏಣಿಯ ಮೇಲೆಯೇ ನಿಂತು ನಮೂನೆ ತೆಗೆದಳು. ಮೂರು ಎಂದು ಬರೆದರೆ ಯಾರು ಕೇಳುತ್ತಾರೆ? ಪೆನ್ನು ಹಾಳೆಯ ಮೇಲೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಸೊನ್ನೆ ಬರೆದಳು. ಅಷ್ಟು ವರ್ಷ ಆ ಟೈಪಿಸ್ಟನ ಮನೆಯಲ್ಲಿ ಅನ್ನ ತಿಂದವಳು. ಸುಳ್ಳು ಬರೆಯಲು ಕೈ ಬರಲಿಲ್ಲ.

ಕೆಳಗಿಳಿದು ಹಾಳೆಯನ್ನು ಮಾವನ ಮೇಜಿನ ಮೇಲಿಟ್ಟಳು. "ಖಾಲಿ," ಎಂದಳು.

ಮಾವ ಹಾಳೆ ನೋಡಿದರು, ಅವಳ ಮುಖ ನೋಡಿದರು. "ಇವತ್ತೇ ಕೊನೇ ವರದಿ ಕಳಿಸಬೇಕು," ಎಂದರು.

"ಹೂಂ. ಅಂಗಡಿಗೆ ಹೋಗ್ತಾ ಅಂಚೆಗೆ ಹಾಕ್ತೀನಿ."

ಟೈಪಿನ ಸದ್ದು ಐದು ನಿಮಿಷ ಕೇಳಿ ನಿಂತಿತು. ಮಾವ ಒಳಕೋಣೆಯಿಂದ ಕೂಗಿದರು, "ಏ, ಸ್ವಲ್ಪ ಬಾ ಇಲ್ಲಿ. ತಾಳೆ ನೋಡಬೇಕು." ಅತ್ತೆ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

"ಗೂಡಿನ ಸ್ಥಳ, ಮಹಡಿಯ ಶೆಡ್ಡು," ಎಂದು ಅತ್ತೆಯ ಧ್ವನಿ ಕೇಳಿಸಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ, "ಇಟ್ಟ ಮೊಟ್ಟೆಗಳ ಸಂಖ್ಯೆ, ನಾಲ್ಕು." ಮತ್ತೆ ಏನೂ ಇಲ್ಲ.

"ಅರ್ಧ ಪುಟಕ್ಕೆ ಇಷ್ಟು ಹೊತ್ತಾ?" ಎಂದಳು ನಾದಿನಿ, ಪುಸ್ತಕದಿಂದ ತಲೆ ಎತ್ತಿ. ಸೊಸೆ ಚಿಲ್ಟುವಿನ ಜಡೆ ಹೆಣೆಯುತ್ತಿದ್ದಳು. ಒಂದು ಎಳೆ ಕೈತಪ್ಪಿತು. ಬಿಚ್ಚಿ ಮತ್ತೆ ಶುರು ಮಾಡಿದಳು.

ಎಂಟೂಕಾಲಿಗೆ ಬಾಗಿಲು ತೆರೆಯಿತು. ಮಾವ ವರದಿಯನ್ನೂ ಲಕೋಟೆಯನ್ನೂ ಅವಳ ಕೈಗೆ ಕೊಟ್ಟರು. ಅವಳು ಮಡಿಸುವ ಮೊದಲು ಸುಮ್ಮನೆ ಕಣ್ಣಾಡಿಸಿದಳು. ಗೂಡಿನ ಸ್ಥಳ. ಮೊಟ್ಟೆಗಳ ಸಂಖ್ಯೆ. ಮರಿಯಾದ ದಿನಾಂಕ. ಸತ್ತ ಮರಿ ಒಂದು. ಅದರ ಕೆಳಗೆ 'ಮರಿಗಳು ಗೂಡು ಬಿಟ್ಟ ದಿನಾಂಕ' ಎಂಬುದು ಇರಬೇಕಿತ್ತು. ಇರಲಿಲ್ಲ. ನೇರ ಸಹಿ ಬಂದಿತ್ತು.

"ಮಾವ, ಒಂದು ಸಾಲು ಬಿಟ್ಟುಹೋಗಿದೆ."

"ಹೌದಾ?" ಮಾವ ಕಾಗದದ ಕಡೆ ನೋಡಲೇ ಇಲ್ಲ. ಅವರ ಕನ್ನಡಕ ಮೂಗಿನ ಮೇಲೆ ಸರಿಯಾಗಿಯೇ ಕೂತಿತ್ತು. ಆ ಮಸೂರಗಳನ್ನು ಮಸೆದು ಕೂರಿಸಿದವಳು ಅವಳೇ. ಅದರಲ್ಲಿ ಇರುವೆಯ ಕಾಲೂ ಕಾಣುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಏನೂ ಬಿಟ್ಟುಹೋಗಿಲ್ಲ," ಎಂದರು ಅತ್ತೆ, ಒಲೆಯ ಕಡೆ ಹೋಗುತ್ತಾ. "ನಾನೇ ಓದಿ ಹೇಳಿದ್ದು."

"ಬಿಟ್ಟುಹೋಗಿದ್ರೂ ಏನಾಯ್ತೀಗ?" ಎಂದರು ಮಾವ. "ಅವರು ಕಾಗದ ಬರೆದು ಕೇಳ್ತಾರೆ. ಆಮೇಲೆ ಉತ್ತರ ಕೊಡೋಕೆ ನಮಗೆ ಎಂಟು ದಿನ ಇರುತ್ತೆ. ನಿಯಮ ಇರೋದೇ ಹಾಗಮ್ಮ."

ಪರದೆಯ ಹಿಂದೆ ಗಂಡ ಮಗ್ಗುಲಾದ ಸದ್ದು ಕೇಳಿಸಿತು. ಅವನಿಗೆ ನಿದ್ದೆ ಬಂದಿರಲಿಲ್ಲ. ಸೊಸೆ ವರದಿಯನ್ನು ಮಡಿಸಿ ಲಕೋಟೆಗೆ ಹಾಕಿ, ಅಂಟು ನೆಕ್ಕಿ, ಎರಡೂ ಹೆಬ್ಬೆರಳಿಂದ ಒತ್ತಿ ಮುಚ್ಚಿದಳು. ಚಪ್ಪಲಿ ಮೆಟ್ಟುತ್ತಾ ಪರದೆಯ ಕಡೆ ತಿರುಗಿ ಹೇಳಿದಳು:

"ರೀ, ನಾಳೆ ಆರೂಕಾಲಿಗೆ. ಏಣಿ ಹಿಡಿಯೋಕೆ ಬರಬೇಕು."